ವೋಕಿಂಗ್‌ನ ಮಸೀದಿ, ಬ್ರೂಕ್‌ವುಡ್‌ನ ಗೋರಿಗಳು

ಇಂಗ್ಲಿಷ್ ಬಲ್ಲ ಮಕ್ಕಳಿರುವ ನಮ್ಮ ಅನೇಕ ಮನೆಗಳಲ್ಲಿ ಪವಿತ್ರ ಕುರ್‌ಆನಿನ ಎರಡು ಇಂಗ್ಲಿಷ್ ಅನುವಾದಗಳಲ್ಲಿ ಒಂದಾದರೂ ಕಪಾಟಿನಲ್ಲಿರುತ್ತದೆ. ಒಂದು ಅಬ್ದುಲ್ಲಾ ಯೂಸುಫ್ ಅಲಿಯವರದು, ಇನ್ನೊಂದು ಮರ್ಮಡ್ಯೂಕ್ ಪಿಕ್ತಾಲ್ ಅವರದು. ಒಬ್ಬರು ಹಿಂದೂಸ್ತಾನದಲ್ಲಿ ಹುಟ್ಟಿದ ಮುಸ್ಲಿಮರು, ಇನ್ನೊಬ್ಬರು ಕ್ರೈಸ್ತ ಪಾದ್ರಿಯ ಮಗನಾಗಿ ಹುಟ್ಟಿ ಇಸ್ಲಾಮಿಗೆ ಬಂದ ಇಂಗ್ಲಿಷರು. ಇಬ್ಬರೂ ದಫನಾಗಿರುವುದು ಒಂದೇ ಕಬರ್‌ಸ್ತಾನದಲ್ಲಿ. ಅದು ಲಂಡನ್ನಿನ ಹೊರವಲಯದ ವೋಕಿಂಗ್ ಎಂಬ ಊರಿನ ಪಕ್ಕದ ಬ್ರೂಕ್‌ವುಡ್‌ನಲ್ಲಿದೆ.

ವೋಕಿಂಗ್ ದೊಡ್ಡ ಊರಲ್ಲ. ಬೆಳಿಗ್ಗೆ ರೈಲು ಹತ್ತಿ ಲಂಡನ್ನಿಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರ ಊರು. ಆದರೂ ಬ್ರಿಟನ್ನಿನಲ್ಲಿ ಮಸೀದಿಗೆಂದೇ ಕಟ್ಟಿದ ಮೊದಲ ಕಟ್ಟಡ ಇರುವುದು ಈ ಊರಿನಲ್ಲೇ. ಅದನ್ನು ಕಟ್ಟಲು ಹಣ ಕೊಟ್ಟವರು ಯಾರು, ಅದಕ್ಕೆ ಬೀಗ ಬಿದ್ದದ್ದು ಹೇಗೆ, ಬಾಗಿಲು ತೆರೆದವರು ಯಾರು, ಅದರ ಆಸುಪಾಸಿನಲ್ಲಿ ಮಣ್ಣಾದವರು ಯಾರು ಎಂಬುದನ್ನು ತಿಳಿದರೆ ನಮ್ಮ ಮೊಹಲ್ಲಾಗಳ ಮಸೀದಿಗಳನ್ನೂ ಬೇರೆ ಕಣ್ಣಿನಿಂದ ನೋಡುವಂತಾಗುತ್ತದೆ.

ರೈಲು ಕಟ್ಟಿದ ಊರು

ವಾಟರ್‌ಲೂ ನಿಲ್ದಾಣದಿಂದ ನೈಋತ್ಯಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿರುವ ವೋಕಿಂಗ್‌ಗೆ ರೈಲು ಬಂದದ್ದು 1838ರಲ್ಲಿ. ಆಗ ನಿಲ್ದಾಣದ ಸುತ್ತ ಇದ್ದದ್ದು ಬಹುಮಟ್ಟಿಗೆ ಕುರುಚಲು ಗಿಡಗಳ ಬಯಲು. ಹಳೆಯ ಹಳ್ಳಿ ದೂರದಲ್ಲಿತ್ತು. ಊರಿನ ಚಹರೆಯನ್ನು ಬದಲಿಸಿದ್ದು ಒಂದು ಸ್ಮಶಾನ. ಲಂಡನ್ನಿನ ಚರ್ಚ್ ಅಂಗಳಗಳಲ್ಲಿ ಹೂಳಲು ಜಾಗ ಸಾಲದೆ, ಕಾಲರಾ ಸಾವುಗಳಿಂದ ನಗರ ತತ್ತರಿಸಿದಾಗ, ಒಂದು ಕಂಪನಿಯವರು ವೋಕಿಂಗ್‌ನ ಬಯಲು ಭೂಮಿಯನ್ನು ಕೊಂಡು 1854ರಲ್ಲಿ ಬ್ರೂಕ್‌ವುಡ್ ಸ್ಮಶಾನವನ್ನು ತೆರೆದರು. ಶವಗಳನ್ನೂ ಬಂಧುಗಳನ್ನೂ ಹೊತ್ತು ತರಲು ವಾಟರ್‌ಲೂನಿಂದ ಪ್ರತ್ಯೇಕ ರೈಲು ಓಡುತ್ತಿತ್ತು. 1941ರಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದು ಅದರ ನಿಲ್ದಾಣ ನಾಶವಾಗುವವರೆಗೂ ಆ ರೈಲು ಇತ್ತು. ಕಂಪನಿಯವರು ತಮಗೆ ಬೇಡವಾದ ಭೂಮಿಯನ್ನು ಮಾರುತ್ತ ಹೋದಂತೆ ನಿಲ್ದಾಣದ ಸುತ್ತ ಬೀದಿಗಳೂ ಅಂಗಡಿಗಳೂ ಎದ್ದವು. ಹೀಗೆ ಹೊಸ ವೋಕಿಂಗ್ ಬೆಳೆಯಿತು.

ಹಾಗೆ ಮಾರಾಟವಾದ ಭೂಮಿಯಲ್ಲಿ ವೃದ್ಧ ನಟನಟಿಯರ ಆಶ್ರಯಕ್ಕೆಂದು 1860ರ ದಶಕದಲ್ಲಿ ಕಟ್ಟಿದ ಒಂದು ದೊಡ್ಡ ಕಟ್ಟಡವಿತ್ತು. ಹಣವಿಲ್ಲದೆ ಅದು ಮುಂದಿನ ದಶಕದಲ್ಲಿ ಮುಚ್ಚಿತು. ಖಾಲಿ ಬಿದ್ದ ಆ ಕಟ್ಟಡವನ್ನು 1880ರ ದಶಕದಲ್ಲಿ ಕೊಂಡವರು ಡಾ. ಲೈಟ್ನರ್.

ಲೈಟ್ನರ್ ಮತ್ತು ಭೋಪಾಲದ ಬೇಗಂ

ಗಾಟ್ಲೀಬ್ ವಿಲ್ಹೆಲ್ಮ್ ಲೈಟ್ನರ್ 1840ರಲ್ಲಿ ಹಂಗೇರಿಯ ಪೆಸ್ಟ್ ನಗರದಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದವರು. ಬಾಲ್ಯದ ಕೆಲವು ವರ್ಷ ಇಸ್ತಂಬೂಲಿನಲ್ಲಿ ಕಳೆದು ತುರ್ಕಿ, ಅರಬಿ ಭಾಷೆಗಳನ್ನು ಕಲಿತರು. ಕ್ರಿಮಿಯಾ ಯುದ್ಧದ ಕಾಲದಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ ಬ್ರಿಟಿಷರಿಗೆ ದುಭಾಷಿಯಾದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಅರಬಿ ಕಲಿಸಿ, 1864ರಲ್ಲಿ ಲಾಹೋರಿನ ಗವರ್ನಮೆಂಟ್ ಕಾಲೇಜಿನ ಪ್ರಿನ್ಸಿಪಾಲರಾಗಿ ಬಂದರು. ಪಂಜಾಬ್ ವಿಶ್ವವಿದ್ಯಾಲಯದ ಸ್ಥಾಪನೆಯ ಹಿಂದೆ ಅವರ ದುಡಿಮೆ ದೊಡ್ಡದು. ಬ್ರಿಟಿಷರು ಬರುವ ಮುನ್ನ ಪಂಜಾಬಿನಲ್ಲಿದ್ದ ಮದ್ರಸಗಳು, ಪಾಠಶಾಲೆಗಳು ಹೇಗಿದ್ದವು, ಹೊಸ ಆಡಳಿತದಲ್ಲಿ ಅವು ಹೇಗೆ ಸೊರಗಿದವು ಎಂಬುದನ್ನು ಅವರು ದೊಡ್ಡ ವರದಿಯಾಗಿ ಬರೆದರು. ಇಸ್ಲಾಮಿನ ಇತಿಹಾಸವನ್ನು ಉರ್ದುವಿನಲ್ಲೂ ಬರೆದರು.

ಅವರು ವೋಕಿಂಗ್‌ನಲ್ಲಿ ತೆರೆದದ್ದು ಓರಿಯಂಟಲ್ ಇನ್‌ಸ್ಟಿಟ್ಯೂಟ್. ಪೂರ್ವ ದೇಶಗಳ ಭಾಷೆ, ಸಾಹಿತ್ಯವನ್ನು ಕಲಿಸುವುದು, ಆ ದೇಶಗಳಿಂದ ಬಂದವರು ತಮ್ಮ ಧರ್ಮ, ಊಟ, ಆಚಾರಗಳನ್ನು ಬಿಡದೆ ಇಂಗ್ಲೆಂಡಿನಲ್ಲಿ ಓದಲು ನೆರವಾಗುವುದು ಅದರ ಉದ್ದೇಶ. ಮುಸ್ಲಿಮರಿಗೆ ನಮಾಝಿಗೆ ಸ್ಥಳ ಬೇಕಲ್ಲ! ಆಗ ಮುಂದೆ ಬಂದವರು ಭೋಪಾಲವನ್ನು ಆಳುತ್ತಿದ್ದ ನವಾಬ್ ಷಾಜಹಾನ್ ಬೇಗಂ. ಭೋಪಾಲದಲ್ಲಿ ತಾಜುಲ್ ಮಸಾಜಿದ್‌ನ ಕೆಲಸ ಆರಂಭಿಸಿದ ಆ ಬೇಗಂ ಸಾಹಿಬಾ ವೋಕಿಂಗ್‌ನ ಮಸೀದಿಗೂ ದೊಡ್ಡ ಮೊತ್ತ ಕಳಿಸಿದರು. ವಾಸ್ತುಶಿಲ್ಪಿ ಚೇಂಬರ್ಸ್ ನಕ್ಷೆ ಬರೆದರು. 1889ರಲ್ಲಿ ಮಸೀದಿ ನಿಂತಿತು. ಬೇಗಂರ ಹೆಸರಿನಲ್ಲೇ ಅದು ಇಂದಿಗೂ ಷಾಜಹಾನ್ ಮಸೀದಿ.

ಗುಮ್ಮಟವಿರುವ ಈ ಮಸೀದಿ ತುಂಬ ಸಣ್ಣದು. ಒಳಗೆ ಕೆಲವೇ ಸಾಲುಗಳು ನಿಲ್ಲಬಹುದು. ಪಕ್ಕದಲ್ಲಿ ಹೈದರಾಬಾದಿನ ದಿವಾನರ ನೆನಪಿಗೆ ಸರ್ ಸಾಲಾರ್ ಜಂಗ್ ಮೆಮೋರಿಯಲ್ ಹೌಸ್ ಎಂಬ ಮನೆ ಎದ್ದಿತು. ಹೀಗೆ ಇಂಗ್ಲೆಂಡಿನ ಒಂದು ಬೀದಿಯಲ್ಲಿ ಭೋಪಾಲದ ಹೆಸರು, ಹೈದರಾಬಾದಿನ ಹೆಸರು ಅಕ್ಕಪಕ್ಕ ನಿಂತವು. ಆ ರಸ್ತೆಗೇ ಓರಿಯಂಟಲ್ ರಸ್ತೆ ಎಂಬ ಹೆಸರಾಯಿತು.

ಎಚ್. ಜಿ. ವೆಲ್ಸ್ 1895ರ ಹೊತ್ತಿಗೆ ಈ ಮಸೀದಿಯಿಂದ ದೂರವಲ್ಲದ ಮನೆಯಲ್ಲಿದ್ದುಕೊಂಡು ಮಂಗಳ ಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುವ ತಮ್ಮ ಪ್ರಸಿದ್ಧ ಕಾದಂಬರಿ ಬರೆದರು. ಅದರಲ್ಲಿ ದಾಳಿಕೋರರು ಇಳಿಯುವುದು ವೋಕಿಂಗ್‌ನ ಹಾರ್ಸೆಲ್ ಬಯಲಿನಲ್ಲಿ. ಅವರ ಬೆಂಕಿಗೆ ಮಸೀದಿಯ ತುದಿಯೂ ಹಾರಿಹೋಗುತ್ತದೆ. ಕಟ್ಟಿ ಹತ್ತು ವರ್ಷವಾಗುವುದರೊಳಗೆ ಆ ಮಸೀದಿ ಊರಿನ ಗುರುತಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬೀಗ ಬಿದ್ದ ವರ್ಷಗಳು

1899ರಲ್ಲಿ ಲೈಟ್ನರ್ ತೀರಿಕೊಂಡರು. ಅವರ ಗೋರಿಯೂ ಬ್ರೂಕ್‌ವುಡ್‌ನಲ್ಲಿದೆ. ಅವರೊಂದಿಗೇ ಇನ್‌ಸ್ಟಿಟ್ಯೂಟ್ ಮುಗಿಯಿತು. ಮಸೀದಿಗೆ ಇಮಾಮರಿಲ್ಲ, ಜಮಾಅತ್ ಇಲ್ಲ, ಖರ್ಚು ನೋಡುವ ಸಮಿತಿಯಿಲ್ಲ. ಭೂಮಿ ಲೈಟ್ನರ್ ಅವರ ವಾರಸುದಾರರ ಕೈಯಲ್ಲಿತ್ತು. ಮುಂದಿನ ಹನ್ನೆರಡು ಹದಿಮೂರು ವರ್ಷ ಮಸೀದಿ ಬಹುಪಾಲು ಮುಚ್ಚಿಕೊಂಡೇ ಇತ್ತು. ಕಟ್ಟಿಸಿದ ಬೇಗಂ 1901ರಲ್ಲಿ ತೀರಿಕೊಂಡರು.

ಹಣ ಬಂದಿತ್ತು, ಗುಮ್ಮಟ ಎದ್ದಿತ್ತು, ಮಿಹ್ರಾಬ್ ಕಿಬ್ಲಾದ ಕಡೆಗೆ ಇತ್ತು. ಇಲ್ಲದಿದ್ದದ್ದು ದಿನಕ್ಕೆ ಐದು ಹೊತ್ತು ಬಾಗಿಲು ತೆರೆಯುವ ಒಬ್ಬ ಮನುಷ್ಯ, ಅವನ ಬೆನ್ನಿಗೆ ನಿಲ್ಲುವ ಒಂದು ಟ್ರಸ್ಟ್. ವಕ್ಫ್ ಆಸ್ತಿಗಳ ವಿಷಯದಲ್ಲಿ ನಮ್ಮ ಕಡೆಯೂ ಕಾಣುವ ಕಥೆಯೇ ಇದು. ದಾನ ಕೊಟ್ಟವರ ನಿಯ್ಯತ್ ಶುದ್ಧವಾಗಿರುತ್ತದೆ. ಕಾಗದಪತ್ರ ಸರಿಯಿರುವುದಿಲ್ಲ, ನೋಡಿಕೊಳ್ಳುವವರು ಇರುವುದಿಲ್ಲ. ಒಂದು ತಲೆಮಾರು ಕಳೆಯುವುದರೊಳಗೆ ಆಸ್ತಿ ಯಾರದೆಂಬ ಪ್ರಶ್ನೆ ಏಳುತ್ತದೆ.

ವೋಕಿಂಗ್‌ನ ಬಾಗಿಲು ತೆರೆಸಿದವರು ಲಾಹೋರಿನ ವಕೀಲ ಖ್ವಾಜಾ ಕಮಾಲುದ್ದೀನ್. 1912ರಲ್ಲಿ ಇಂಗ್ಲೆಂಡಿಗೆ ಬಂದ ಅವರು ಮರುವರ್ಷವೇ ಒಂದು ಮಾಸಿಕ ಪತ್ರಿಕೆ ಆರಂಭಿಸಿದರು. ಮುಂದೆ ಇಸ್ಲಾಮಿಕ್ ರಿವ್ಯೂ ಎಂದು ಹೆಸರಾದ ಆ ಪತ್ರಿಕೆ ಅರ್ಧ ಶತಮಾನ ನಡೆಯಿತು. ನ್ಯಾಯಮೂರ್ತಿ ಸಯ್ಯದ್ ಅಮೀರ್ ಅಲಿ, ಮಿರ್ಝಾ ಅಬ್ಬಾಸ್ ಅಲಿ ಬೇಗ್ ಮುಂತಾದ ಗಣ್ಯರ ಬೆಂಬಲದಿಂದ ಮಸೀದಿಯೂ ಸಾಲಾರ್ ಜಂಗ್ ಮನೆಯೂ ಟ್ರಸ್ಟಿನ ವಶಕ್ಕೆ ಬಂದವು. 1913ರಲ್ಲಿ ಅಲ್ಲಿ ಮತ್ತೆ ಅಝಾನ್ ಮೊಳಗಿತು.

ಖ್ವಾಜಾ ಅವರು ಮಿರ್ಝಾ ಗುಲಾಮ್ ಅಹ್ಮದರ ಅನುಯಾಯಿಯಾಗಿದ್ದರು. ಮುಂದೆ ಆ ಪಂಥ ಒಡೆದಾಗ ಲಾಹೋರಿನ ಗುಂಪಿನಲ್ಲಿ ನಿಂತರು. ಆ ಪಂಥದ ಬಗ್ಗೆ ಉಲಮಾಗಳ ನಿಲುವು ಓದುಗರಿಗೆ ತಿಳಿದದ್ದೇ. 1960ರ ದಶಕದಲ್ಲಿ ಮಸೀದಿಯ ಆಡಳಿತ ಸುನ್ನಿ ಮುಸ್ಲಿಮರ ಕೈಗೆ ಬಂತು. ಆದರೆ ಚರಿತ್ರೆ ಬರೆಯುವಾಗ ಬೀಗ ತೆಗೆದವರ ಹೆಸರನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಕಾಲದಲ್ಲಿ ವೋಕಿಂಗ್‌ನ ಸಫ್‌ನಲ್ಲಿ ಬೇರೆ ಬೇರೆ ದೇಶಗಳವರು, ಬೇರೆ ಬೇರೆ ಮಝ್‌ಹಬ್‌ನವರು ಒಟ್ಟಿಗೆ ನಿಲ್ಲುತ್ತಿದ್ದರು. ಈದ್ ದಿನ ಒಳಗೆ ಜಾಗ ಸಾಲದೆ ಮಸೀದಿಯ ಮುಂದಿನ ಹುಲ್ಲಿನ ಮೇಲೆ ಜಮಖಾನೆ ಹಾಸಿ ನಮಾಝ್ ಆಗುತ್ತಿತ್ತು. ತುರ್ಕಿ ಟೋಪಿಯವರು, ಪೇಟದವರು, ಕೋಟು ತೊಟ್ಟ ಇಂಗ್ಲಿಷರು ಒಂದೇ ಸಾಲಿನಲ್ಲಿರುವ ಚಿತ್ರಗಳು ಇಂದಿಗೂ ಉಳಿದಿವೆ.

ಹೊಸದಾಗಿ ದೀನ್ ಸ್ವೀಕರಿಸಿದವರಲ್ಲಿ ದೊಡ್ಡ ಸುದ್ದಿಯಾದದ್ದು ಲಾರ್ಡ್ ಹೆಡ್ಲಿ. ವೃತ್ತಿಯಿಂದ ಸಿವಿಲ್ ಎಂಜಿನಿಯರ್ ಆಗಿದ್ದ ಈ ಪ್ರಭು ಮನೆತನದವರು 1913ರಲ್ಲಿ ಕಲಿಮಾ ಹೇಳಿದಾಗ ಲಂಡನ್ನಿನ ಪತ್ರಿಕೆಗಳು ಅಚ್ಚರಿಪಟ್ಟವು. 1923ರಲ್ಲಿ ಹಜ್ ಮಾಡಿದ ಅವರು 1935ರಲ್ಲಿ ತೀರಿಕೊಂಡು ಬ್ರೂಕ್‌ವುಡ್‌ನಲ್ಲಿ ದಫನಾದರು. ಅವರಿಗಿಂತ ಬಹಳ ಮೊದಲು, 1880ರ ದಶಕದಲ್ಲಿ, ಲಿವರ್‌ಪೂಲಿನ ವಕೀಲ ಅಬ್ದುಲ್ಲಾ ಕ್ವಿಲಿಯಂ ಇಸ್ಲಾಮ್ ಸ್ವೀಕರಿಸಿ ತಮ್ಮ ಊರಿನ ಒಂದು ಮನೆಯಲ್ಲೇ ನಮಾಝಿನ ಸ್ಥಳ ಮಾಡಿದ್ದರು. ಅವರ ಕೊನೆಯ ನಂಟೂ ವೋಕಿಂಗ್‌ನೊಂದಿಗೇ. 1932ರಲ್ಲಿ ಅವರೂ ಅದೇ ಮಣ್ಣು ಸೇರಿದರು.

ಹಾರ್ಸೆಲ್ ಬಯಲಿನ ಸಿಪಾಯಿಗಳು

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಹಿಂದೂಸ್ತಾನಿ ಸಿಪಾಯಿಗಳನ್ನು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಆಸ್ಪತ್ರೆಗಳಿಗೆ ತರುತ್ತಿದ್ದರು. ಬ್ರೈಟನ್ನಿನ ಅರಮನೆಯನ್ನೇ ಆಸ್ಪತ್ರೆ ಮಾಡಲಾಗಿತ್ತು. ಅಲ್ಲಿ ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ಅಡುಗೆಮನೆ, ಬೇರೆ ಬೇರೆ ನೀರಿನ ನಲ್ಲಿ ಇದ್ದವು. ತೀರಿಕೊಂಡ ಹಿಂದೂ, ಸಿಖ್ ಸಿಪಾಯಿಗಳ ಅಂತ್ಯಸಂಸ್ಕಾರ ಬ್ರೈಟನ್ ಸಮೀಪದ ಗುಡ್ಡದ ಮೇಲೆ ಚಿತೆಯಲ್ಲಿ ನಡೆಯಿತು. ಮುಸ್ಲಿಮರನ್ನು ದಫನಕ್ಕೆ ವೋಕಿಂಗ್‌ಗೆ ತರುತ್ತಿದ್ದರು.

ಅದೇ ಹೊತ್ತಿಗೆ, ಮುಸ್ಲಿಮ್ ಸಿಪಾಯಿಗಳನ್ನು ಬ್ರಿಟಿಷರು ಷರೀಅತ್ತಿನ ಪ್ರಕಾರ ಮಣ್ಣು ಮಾಡುತ್ತಿಲ್ಲ ಎಂದು ಜರ್ಮನರು ಪ್ರಚಾರ ಮಾಡತೊಡಗಿದರು. ವೋಕಿಂಗ್‌ನ ಇಮಾಮರಾಗಿದ್ದ ಮೌಲವಿ ಸದ್ರುದ್ದೀನ್ ಪ್ರತ್ಯೇಕ ಕಬರ್‌ಸ್ತಾನಕ್ಕಾಗಿ ಸರಕಾರದ ಬೆನ್ನು ಹತ್ತಿದರು. ಪರಿಣಾಮವಾಗಿ ಹಾರ್ಸೆಲ್ ಬಯಲಿನಲ್ಲಿ ಕೆಂಪು ಇಟ್ಟಿಗೆಯ ಗೋಡೆ, ಕಮಾನು, ಗುಮ್ಮಟವಿರುವ ಹೆಬ್ಬಾಗಿಲಿನ ಕಬರ್‌ಸ್ತಾನ ತಯಾರಾಯಿತು. 1917ರ ಹೊತ್ತಿಗೆ ಕೆಲಸ ಮುಗಿಯಿತು. ಎರಡು ಮಹಾಯುದ್ಧಗಳ 27 ಮುಸ್ಲಿಮ್ ಯೋಧರ ಹೆಸರುಗಳು ಅಲ್ಲಿಗೆ ಸೇರಿವೆ.

ತನ್ನದಲ್ಲದ ಯುದ್ಧದಲ್ಲಿ ಗುಂಡೇಟು ತಿಂದು, ಭಾಷೆ ಬಾರದ ದೇಶದಲ್ಲಿ ಕಣ್ಣು ಮುಚ್ಚಿದ ಹಳ್ಳಿಯ ಹುಡುಗ ಅವನು. ಊರಿನಲ್ಲಿ ತಾಯಿಗೆ ತಲುಪಿದ್ದು ಒಂದು ಕಾಗದ ಮಾತ್ರ. ಆ ಜನಾಝಾಕ್ಕೆ ನಿಂತವರಲ್ಲಿ ರಕ್ತಸಂಬಂಧಿ ಒಬ್ಬರೂ ಇಲ್ಲ. ಆದರೂ ಗುಸುಲ್, ಕಫನ್, ನಮಾಝ್, ಕಿಬ್ಲಾದ ಕಡೆ ಮುಖ ಎಲ್ಲವೂ ಆಯಿತು. ಅದಾಗಲು ಕಾರಣ, ಹತ್ತಿರದಲ್ಲಿ ಒಂದು ಮಸೀದಿಯಿದ್ದದ್ದು ಮತ್ತು ಕೇವಲ ಎರಡು ವರ್ಷಗಳ ಹಿಂದೆ ಅದರ ಬಾಗಿಲು ತೆರೆದದ್ದು.

ಕಾಲಾಂತರದಲ್ಲಿ ಆ ಒಂಟಿ ಬಯಲಿನ ಗೋರಿಗಳ ಮೇಲೆ ಕಿಡಿಗೇಡಿಗಳ ಕಣ್ಣು ಬಿತ್ತು. 1960ರ ದಶಕದ ಕೊನೆಗೆ ಸಿಪಾಯಿಗಳ ಅವಶೇಷಗಳನ್ನು ಬ್ರೂಕ್‌ವುಡ್‌ನ ಸೈನಿಕ ಸ್ಮಶಾನಕ್ಕೆ ಸಾಗಿಸಲಾಯಿತು. ಖಾಲಿಯಾದ ಗೋಡೆಗಳೊಳಗೆ ಗಿಡಗಂಟಿ ಬೆಳೆಯಿತು. ಹಲವರ ಪ್ರಯತ್ನದ ನಂತರ 2015ರಲ್ಲಿ ಅದು ಶಾಂತಿ ಉದ್ಯಾನವಾಗಿ ತೆರೆಯಿತು. ನೀರಿನ ಕಾಲುವೆ, ಹೆಸರು ಕೊರೆದ ಕಲ್ಲು, ಒಬ್ಬೊಬ್ಬ ಯೋಧನಿಗೆ ಒಂದೊಂದರಂತೆ 27 ಮರಗಳು ಈಗ ಅಲ್ಲಿವೆ.

ಕುರ್‌ಆನಿನ ಇಬ್ಬರು ಸೇವಕರು

ಪಿಕ್ತಾಲ್ 1875ರಲ್ಲಿ ಹುಟ್ಟಿದರು. ಹರೆಯದಲ್ಲಿ ಷಾಮ್, ಫಲಸ್ತೀನ್, ಈಜಿಪ್ಟ್‌ಗಳಲ್ಲಿ ಅಲೆದು ಅರಬಿ ಕಲಿತರು. ಕಾದಂಬರಿಕಾರರಾಗಿ ಹೆಸರು ಮಾಡಿದರು. ಬ್ರಿಟನ್ನು ತುರ್ಕಿಯ ವಿರುದ್ಧ ಯುದ್ಧ ಮಾಡುತ್ತಿದ್ದಾಗ, 1917ರಲ್ಲಿ, ತಾವು ಮುಸ್ಲಿಮರೆಂದು ಬಹಿರಂಗವಾಗಿ ಸಾರಿದರು. ಅಂಥ ಹೊತ್ತಿನಲ್ಲಿ ಅದಕ್ಕೆ ಧೈರ್ಯ ಬೇಕಿತ್ತು. 1919ರಲ್ಲಿ ಖ್ವಾಜಾ ಕಮಾಲುದ್ದೀನ್ ಇಲ್ಲದಿದ್ದಾಗ ಖುತ್ಬಾ ಹೇಳುವ, ಪತ್ರಿಕೆ ನೋಡಿಕೊಳ್ಳುವ ಹೊಣೆ ಹೊತ್ತರು. ಮರುವರ್ಷ ಬೊಂಬಾಯಿಗೆ ಬಂದು ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕರಾದರು. ಖಿಲಾಫತ್ ಚಳವಳಿಯನ್ನೂ ಗಾಂಧೀಜಿಯನ್ನೂ ಬೆಂಬಲಿಸಿದರು.

1925ರಿಂದ ಅವರು ಹೈದರಾಬಾದಿನಲ್ಲಿ ನಿಝಾಮರ ಸೇವೆಯಲ್ಲಿದ್ದರು. ಶಾಲೆ ನಡೆಸಿದರು, ಇಸ್ಲಾಮಿಕ್ ಕಲ್ಚರ್ ಎಂಬ ವಿದ್ವತ್ ಪತ್ರಿಕೆಯನ್ನು ಸಂಪಾದಿಸಿದರು. ಅನುವಾದದ ಕೆಲಸಕ್ಕೆಂದು ನಿಝಾಮ್ ಉಸ್ಮಾನ್ ಅಲಿ ಖಾನ್ ಅವರಿಗೆ ಎರಡು ವರ್ಷ ರಜೆ ಕೊಟ್ಟರು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಆ ರಾಜ್ಯದ ಜಿಲ್ಲೆಗಳು. ಅಲ್ಲಿನ ರೈತರ ಕಂದಾಯವೂ ಸೇರಿದ್ದ ಖಜಾನೆಯ ಸಂಬಳದಲ್ಲೇ ಆ ಕೆಲಸ ನಡೆಯಿತೆಂಬುದು ಕನ್ನಡಿಗರಾದ ನಮಗೆ ನೆನಪಿರಬೇಕು. 1930ರಲ್ಲಿ ಅನುವಾದ ಪ್ರಕಟವಾಯಿತು. ಕುರ್‌ಆನನ್ನು ಅನುವಾದಿಸಲಾಗದು, ಅದರ ಅರ್ಥವನ್ನಷ್ಟೇ ಹೇಳಬಹುದು ಎಂಬ ವಿನಯದಿಂದ ಅವರು ಪುಸ್ತಕದ ಹೆಸರಿನಲ್ಲೇ ಅರ್ಥ ಎಂಬ ಪದವನ್ನಿಟ್ಟರು. 1936ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ ಅವರಿಗೆ ಬ್ರೂಕ್‌ವುಡ್‌ನಲ್ಲಿ ಜಾಗವಾಯಿತು.

ಅಬ್ದುಲ್ಲಾ ಯೂಸುಫ್ ಅಲಿ 1872ರಲ್ಲಿ ಹುಟ್ಟಿದವರು. ಬೊಂಬಾಯಿಯಲ್ಲಿ ಓದಿ, ಕೇಂಬ್ರಿಜಿಗೆ ಹೋಗಿ, ಐಸಿಎಸ್ ಅಧಿಕಾರಿಯಾದರು. 1921ರ ನಂತರ ಕೆಲಕಾಲ ಅವರೂ ಹೈದರಾಬಾದಿನಲ್ಲಿ ಕಂದಾಯ ಮಂತ್ರಿಯಾಗಿದ್ದರು. ಲಾಹೋರಿನ ಇಸ್ಲಾಮಿಯಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ವೋಕಿಂಗ್ ಮಸೀದಿಯ ಟ್ರಸ್ಟಿನೊಂದಿಗೂ ಅವರಿಗೆ ನಂಟಿತ್ತು. ವಿಸ್ತಾರವಾದ ಟಿಪ್ಪಣಿಗಳಿರುವ ಅವರ ಅನುವಾದ 1934ರಿಂದ ಲಾಹೋರಿನಲ್ಲಿ ಭಾಗ ಭಾಗವಾಗಿ ಹೊರಬಂತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಕೈ ಸೇರಿದ ಇಂಗ್ಲಿಷ್ ಅನುವಾದಗಳಲ್ಲಿ ಅದೊಂದು.

ಅವರ ಮನೆಯ ಬದುಕು ಸುಖದ್ದಾಗಿರಲಿಲ್ಲ. ಮೊದಲ ಮದುವೆ ಮುರಿಯಿತು. ಆ ಮಕ್ಕಳು ದೂರವಾದರು. ಮುಪ್ಪಿನಲ್ಲಿ ಲಂಡನ್ನಿನಲ್ಲಿ ಒಂಟಿಯಾದರು. 1953ರ ಡಿಸೆಂಬರಿನ ಚಳಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಪ್ರದೇಶದಲ್ಲಿ ದಿಕ್ಕು ತೋಚದೆ ಕುಳಿತಿದ್ದ ಮುದುಕರೊಬ್ಬರನ್ನು ಪೊಲೀಸರು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರು ವೃದ್ಧಾಶ್ರಮಕ್ಕೆ ಹೋದರು. ಡಿಸೆಂಬರ್ 10ರಂದು ಹೃದಯಾಘಾತವಾಗಿ ತೀರಿಕೊಂಡರು. ಅವರೇ ಯೂಸುಫ್ ಅಲಿ. ಆಗ ಅವರಿಗೆ 81 ವರ್ಷ. ಪಾಕಿಸ್ತಾನದ ಹೈಕಮಿಷನ್‌ನವರು ಮುಂದೆ ಬಂದು ಬ್ರೂಕ್‌ವುಡ್‌ನಲ್ಲಿ ದಫನದ ಏರ್ಪಾಡು ಮಾಡಿದರು. ಅದೇ ವರ್ಷ ಎಷ್ಟು ಮನೆಗಳಲ್ಲಿ ಅವರ ಅನುವಾದವನ್ನು ಕಣ್ಣಿಗೊತ್ತಿಕೊಂಡು ಓದುತ್ತಿದ್ದರೋ! ಪುಸ್ತಕಕ್ಕೆ ಮರ್ಯಾದೆ ಸಿಕ್ಕಿತು. ಬರೆದವರು ಊಟ ಮಾಡಿದರೇ ಎಂದು ಕೇಳುವವರು ಹತ್ತಿರದಲ್ಲಿರಲಿಲ್ಲ.

ಕಪಾಟಿನಿಂದ ಮೊಹಲ್ಲಾಕ್ಕೆ

ಬ್ರೂಕ್‌ವುಡ್‌ನಲ್ಲಿ ಮುಸ್ಲಿಮರಿಗೆ ಮೊದಲು ಜಾಗ ಪಡೆದವರೂ ಲೈಟ್ನರ್. ಇಂದು ಅಲ್ಲಿ ಜಗತ್ತಿನ ಹಲವು ದೇಶಗಳವರಿದ್ದಾರೆ. ಸಯ್ಯದ್ ಅಮೀರ್ ಅಲಿ ಇದ್ದಾರೆ. 1987ರಲ್ಲಿ ಲಂಡನ್ನಿನಲ್ಲಿ ಗುಂಡಿಗೆ ಬಲಿಯಾದ ಫಲಸ್ತೀನಿ ವ್ಯಂಗ್ಯಚಿತ್ರಕಾರ ನಾಜಿ ಅಲ್ ಅಲಿ ಇದ್ದಾರೆ. ಇರಾಕಿನಲ್ಲಿ ಹುಟ್ಟಿ ಜಗತ್ಪ್ರಸಿದ್ಧರಾದ ವಾಸ್ತುಶಿಲ್ಪಿ ಝಹಾ ಹದೀದ್ ಇದ್ದಾರೆ. ಮಸೀದಿಯ ಸುತ್ತ ಪಾಕಿಸ್ತಾನದಿಂದ ದುಡಿಯಲು ಬಂದ ಕುಟುಂಬಗಳ ಮೂರನೇ ತಲೆಮಾರು ಬೆಳೆಯುತ್ತಿದೆ. 2018ರಲ್ಲಿ ಸರಕಾರ ಷಾಜಹಾನ್ ಮಸೀದಿಯನ್ನು ಸಂರಕ್ಷಿತ ಕಟ್ಟಡಗಳ ಅತ್ಯುನ್ನತ ದರ್ಜೆಗೆ ಏರಿಸಿತು.

ಮನುಷ್ಯ ಸತ್ತ ಮೇಲೆ ಅವನ ಕರ್ಮಗಳ ಲೆಕ್ಕ ಮುಗಿಯುತ್ತದೆ, ಆದರೆ ನಿರಂತರ ದಾನ, ಪ್ರಯೋಜನಕಾರಿ ಜ್ಞಾನ, ದುಆ ಮಾಡುವ ಸಜ್ಜನ ಸಂತಾನ ಈ ಮೂರು ಮುಗಿಯುವುದಿಲ್ಲ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ವೋಕಿಂಗ್‌ನಲ್ಲಿ ಮೊದಲಿನ ಎರಡು ಕಣ್ಣಿಗೆ ಕಾಣುತ್ತವೆ. ಬೇಗಂರ ದಾನ ನಿಂತಿದೆ, ಇಬ್ಬರು ಅನುವಾದಕರ ಜ್ಞಾನ ನಮ್ಮ ಕಪಾಟಿನಲ್ಲಿದೆ. ಮೂರನೆಯದು ಆ ಸಿಪಾಯಿಗಳಲ್ಲಿ ಅನೇಕರಿಗೆ ಸಿಗಲಿಲ್ಲ. ಯೂಸುಫ್ ಅಲಿಯವರ ಕೊನೆಯ ದಿನಗಳಲ್ಲಿ ಮಕ್ಕಳ ಆಸರೆ ಇರಲಿಲ್ಲ. ಅವರ ಪಾಲಿನ ದುಆ ಈಗ ನಮ್ಮ ಮೇಲಿನ ಬಾಕಿ.

ನಮ್ಮ ಊರುಗಳ ಹೊರವಲಯದ ಬಡಾವಣೆಗಳಲ್ಲೂ ಇಂಥದೇ ಚರಿತ್ರೆಯಿದೆ, ಬರೆದಿಟ್ಟವರು ಕಡಿಮೆ. ಮಸೀದಿಗೆ ಜಾಗ ಕೊಟ್ಟವರು ಯಾರು? ವಕ್ಫ್‌ನಾಮೆ ಎಲ್ಲಿದೆ? ಮೊದಲ ಇಮಾಮರು ಯಾವ ಊರಿನಿಂದ ಬಂದರು, ಅವರ ಕಬರ್ ಎಲ್ಲಿದೆ? ಹೆಣ್ಣುಮಕ್ಕಳಿಗೆ ಮೊದಲು ಅಕ್ಷರ ಕಲಿಸಿದ ಉಸ್ತಾನಿ ಯಾರು? ಇವನ್ನು ಬಲ್ಲ ಹಿರಿಯರು ಮೊಹಲ್ಲಾದಲ್ಲಿ ಇನ್ನೂ ಇದ್ದಾರೆ. ಮುಂದಿನ ಜುಮಾ ಮುಗಿದ ಮೇಲೆ ಒಬ್ಬ ಹುಡುಗನೋ ಹುಡುಗಿಯೋ ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಲಿ. ಹೋದಾಗ ಆ ಹಿರಿಯರಿಗೆ ಔಷಧಿ ಇದೆಯೇ, ಜೊತೆಗೆ ಯಾರಿದ್ದಾರೆ ಎಂದೂ ವಿಚಾರಿಸಲಿ.

ವೋಕಿಂಗ್‌ನ ಮಣ್ಣಿನಲ್ಲಿ ಮಲಗಿರುವ ನಮ್ಮ ಬಂಧುಗಳ ಮೇಲೂ, ನಮ್ಮ ಊರಿನ ಹೆಸರಿಲ್ಲದ ದಾನಿಗಳ ಮೇಲೂ ಅಲ್ಲಾಹನು ಕರುಣೆ ತೋರಲಿ. ಆಮೀನ್.